ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ವೈದ್ಯರಿಗೆ ಬರೆದ ಸಂದೇಶಗಳು: ಒಂದು ಆಪ್ತಸಲಹೆ ಪ್ರಕರಣ

(ಸಲಹಾರ್ಥಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹಾರ್ಥಿ ಲೆಕ್ಕಪತ್ರ ವಿಭಾಗದ ಉದ್ಯೋಗಿ. ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದ ಅವರು ಬಿಡುವಿನ ವೇಳೆಯಲ್ಲಿ ಕಚೇರಿಯ ಲ್ಯಾಪ್‌ಟಾಪ್‌ನಿಂದಲೇ ಮನೋವೈದ್ಯರ ಪೋರ್ಟಲ್‌ಗೆ ಲಾಗಿನ್ ಆಗಿ ಸಂದೇಶ ಬರೆಯುತ್ತಿದ್ದರು. ಬ್ರೌಸರ್‌ನಲ್ಲಿ ಕಾಣುವ ಬೀಗದ ಗುರುತಿನ ಮೇಲೆ ಅವರಿಗೆ ಪೂರ್ಣ ನಂಬಿಕೆಯಿತ್ತು. ಒಮ್ಮೆ ಆ ಗುರುತನ್ನು ಒತ್ತಿ, ತಾಣ ಅಸಲಿಯೆಂದು ಖಾತ್ರಿಪಡಿಸುವ ಡಿಜಿಟಲ್ ಪ್ರಮಾಣಪತ್ರವಾದ ಸರ್ಟಿಫಿಕೇಟ್ ತೆರೆದು ನೋಡಿದಾಗ, ಅದನ್ನು ನೀಡಿದವರ ಜಾಗದಲ್ಲಿ ತಮ್ಮ ಕಂಪನಿಯ ಹೆಸರೇ ಕಂಡಿತು. ಅಂದಿನಿಂದ ನಿದ್ದೆ ಕೆಟ್ಟಿತು. ಮೇಲಧಿಕಾರಿಯ ಪ್ರತಿ ಮಾತಿನಲ್ಲೂ ಒಳಾರ್ಥ ಹುಡುಕುವಂತಾಯಿತು. ವೈದ್ಯರಿಗೆ ಬರೆಯುವುದೂ ನಿಂತುಹೋಯಿತು. ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಈ ಕೊನೆಯ ಸಂಗತಿ.

ಬರೀ ಸಮಾಧಾನದ ಮಾತು ಇಲ್ಲಿ ಸಾಲದು. ಭಯದ ನಿಜವಾದ ಅಳತೆ ಅವರಿಗೆ ತಿಳಿಯಬೇಕಿತ್ತು. ಕಂಪನಿಯ ಯಂತ್ರದಲ್ಲಿ ಕಂಪನಿಯದೇ ಮೂಲ ಸರ್ಟಿಫಿಕೇಟ್ (ಕಂಪನಿ ನೀಡುವ ಇತರ ಸರ್ಟಿಫಿಕೇಟ್‌ಗಳನ್ನು ಬ್ರೌಸರ್ ನಂಬುವಂತೆ ಮಾಡುವಂಥದ್ದು) ಅಳವಡಿಸಿದ್ದರೆ, ಬ್ರೌಸರ್ ಮತ್ತು ತಾಣದ ನಡುವೆ ಕುಳಿತ ಕಂಪನಿಯ ಪ್ರಾಕ್ಸಿ ಎಂಬ ಮಧ್ಯವರ್ತಿ ಸರ್ವರ್, ಎನ್‌ಕ್ರಿಪ್ಟ್ ಆದ (ಬೇರೆಯವರು ಓದದಂತೆ ಸಂಕೇತಕ್ಕೆ ಬದಲಿಸಿದ) ಸಂಪರ್ಕವನ್ನು ಬಿಚ್ಚಿ, ಒಳಗಿನದನ್ನು ಪರಿಶೀಲಿಸಿ, ಮತ್ತೆ ಎನ್‌ಕ್ರಿಪ್ಟ್ ಮಾಡಿ ಮುಂದಕ್ಕೆ ಕಳಿಸುತ್ತದೆ. ಬ್ರೌಸರ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಉದ್ದೇಶ ಸಾಮಾನ್ಯವಾಗಿ ವೈರಸ್ ತಡೆಯುವುದು, ದತ್ತಾಂಶ ಸೋರದಂತೆ ಕಾಯುವುದು. ಆದರೂ ಟೈಪ್ ಮಾಡಿದ ಪಾಸ್‌ವರ್ಡ್, ಔಷಧದ ಹೆಸರು, ಮನಸ್ಸು ಬಿಚ್ಚಿ ಬರೆದ ಸಾಲು ಎಲ್ಲವೂ ಆ ಪ್ರಾಕ್ಸಿಯಲ್ಲಿ ಓದಬಲ್ಲ ರೂಪದಲ್ಲೇ ಹಾದುಹೋಗುತ್ತವೆ. ನೋಡಿದ ತಾಣಗಳ ಇತಿಹಾಸವನ್ನು ಬ್ರೌಸರ್‌ನಲ್ಲಿ ಉಳಿಸದ ಇನ್‌ಕಾಗ್ನಿಟೋ ಕಿಟಕಿಯೂ ಇದನ್ನು ತಡೆಯದು. ಅನೇಕ ಸಂಸ್ಥೆಗಳು ಬ್ಯಾಂಕ್ ಮತ್ತು ಆರೋಗ್ಯದ ತಾಣಗಳನ್ನು ಈ ಪರಿಶೀಲನೆಯಿಂದ ಹೊರಗಿಡುತ್ತವೆ. ಆದರೆ ಆ ಪೋರ್ಟಲ್‌ನಲ್ಲೇ ಕಂಪನಿಯ ಸರ್ಟಿಫಿಕೇಟ್ ಕಂಡಿದ್ದರಿಂದ ಇಲ್ಲಿ ಹಾಗಾಗಿಲ್ಲವೆಂಬುದು ಸ್ಪಷ್ಟವಿತ್ತು, ಅದನ್ನು ನಾನು ಮುಚ್ಚಿಡಲಿಲ್ಲ. ಯಂತ್ರವು ಸಂಪರ್ಕವನ್ನು ಬಿಚ್ಚಿ ಪರಿಶೀಲಿಸುವುದು ಬೇರೆ, ಅದನ್ನು ದಾಖಲಿಸುವುದು ಬೇರೆ, ಒಬ್ಬ ಮನುಷ್ಯ ಕುಳಿತು ಓದುವುದು ಬೇರೆ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿದೆ.

“ಕೆಲಸಕ್ಕೆ ಸೇರುವಾಗ ಸಹಿ ಹಾಕಿದ್ದೇನೆ ಮೇಡಂ, ತಪ್ಪು ನನ್ನದೇ” ಎಂದರು. ನಾನು ಒಪ್ಪಲಿಲ್ಲ. ‘ನಿಗಾ ವಹಿಸಬಹುದು’ ಎಂಬ ಒಂದು ಸಾಲಿಗೆ ಹಾಕಿದ ಸಹಿಯನ್ನು ಚಿಕಿತ್ಸೆಯ ಮಾತುಗಳನ್ನು ಓದಲು ಕೊಟ್ಟ ಸಮ್ಮತಿಯೆಂದು ಎಣಿಸುವುದು ಅನ್ಯಾಯ. 2017ರ ಸೆಪ್ಟೆಂಬರ್ 5ರಂದು ನೌಕರನೊಬ್ಬನ ಖಾಸಗಿ ಸಂದೇಶಗಳ ಮೇಲೆ ಕಂಪನಿ ನಿಗಾ ಇಟ್ಟಿದ್ದ ಬಾರ್ಬುಲೆಸ್ಕು ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠವು, ನಿಗಾದ ಸ್ವರೂಪ ಮತ್ತು ವ್ಯಾಪ್ತಿಯನ್ನು ನೌಕರನಿಗೆ ಮುಂಚಿತವಾಗಿ ತಿಳಿಸಲಾಗಿತ್ತೇ, ಇದಕ್ಕಿಂತ ಕಡಿಮೆ ಅತಿಕ್ರಮಣದ ದಾರಿ ಇತ್ತೇ ಎಂಬುದನ್ನು ನೋಡಬೇಕೆಂದು ಹೇಳಿತು. ಆ ತೀರ್ಪು ಎಲ್ಲ ದೇಶಗಳನ್ನೂ ಕಟ್ಟಿಹಾಕದು. ಆದರೆ ಆ ಪ್ರಶ್ನೆಗಳನ್ನು ಯಾವ ಉದ್ಯೋಗಿಯಾದರೂ ಕೇಳಬಹುದು.

ಸಲಹೆ ಹೀಗಿತ್ತು. ಚಿಕಿತ್ಸೆಗೆ ಸಂಬಂಧಿಸಿದ್ದೆಲ್ಲವೂ, ನಮ್ಮ ಭೇಟಿಯ ಇಮೇಲ್ ಸೇರಿದಂತೆ, ಇನ್ನು ಸ್ವಂತ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ ಮಾತ್ರ ನಡೆಯಲಿ. ಆದರೆ ಆ ಫೋನಿನಲ್ಲಿ ಅದನ್ನು ನಿಯಂತ್ರಿಸಲು ಕಂಪನಿ ಅಳವಡಿಸಿದ ಪ್ರೊಫೈಲ್ (ಸೆಟ್ಟಿಂಗ್‌ಗಳ ಕಟ್ಟು) ಇದೆಯೇ ಎಂದು ಮೊದಲು ನೋಡಿಕೊಳ್ಳಲಿ. ಪೋರ್ಟಲ್‌ನ ಪಾಸ್‌ವರ್ಡ್ ಅಂದೇ ಬದಲಾಗಲಿ. ಸಿಟ್ಟಿನಲ್ಲಿ ಸರ್ಟಿಫಿಕೇಟ್ ಅಳಿಸುವುದಾಗಲಿ, ಸಂಪರ್ಕವನ್ನು ಮರೆಮಾಡಿ ಬೇರೆ ದಾರಿಯಲ್ಲಿ ಸಾಗಿಸುವ ವಿಪಿಎನ್ ಹಾಕಿಕೊಳ್ಳುವುದಾಗಲಿ ಬೇಡ. ಅದು ನಿಯಮಭಂಗವಾಗಿ ಅವರಿಗೇ ತಿರುಗುತ್ತದೆ. ಐಟಿ ವಿಭಾಗಕ್ಕೆ ಪತ್ರ ಬರೆಯುವುದಾದರೆ ಕಾಯಿಲೆಯನ್ನಾಗಲಿ ಪೋರ್ಟಲ್‌ನ ಹೆಸರನ್ನಾಗಲಿ ಹೇಳದೆ, ಯಾವ ಬಗೆಯ ತಾಣಗಳನ್ನು ಪರಿಶೀಲನೆಯಿಂದ ಹೊರಗಿಡಲಾಗಿದೆ, ಪುಟದ ಒಳವಿಷಯ ದಾಖಲಾಗುತ್ತದೆಯೇ, ದಾಖಲೆ ಎಷ್ಟು ಕಾಲ ಉಳಿಯುತ್ತದೆ, ಯಾರ ಅನುಮತಿಯಿಂದ ಯಾರು ನೋಡಬಹುದು ಎಂದು ಎಲ್ಲ ಸಿಬ್ಬಂದಿಯ ಪರವಾಗಿ ಕೇಳಲಿ. ಪತ್ರದ ಕರಡನ್ನು ಇಬ್ಬರೂ ಕೂಡಿಯೇ ಬರೆದೆವು.

ತಾಣದ ವಿಳಾಸ ಮತ್ತು ಸಮಯ ಮಾತ್ರ ಲಾಗ್‌ನಲ್ಲಿ ಉಳಿಯುತ್ತವೆ, ಒಳವಿಷಯ ಉಳಿಯುವುದಿಲ್ಲ, ಆರೋಗ್ಯದ ತಾಣಗಳನ್ನು ಇನ್ನು ಮುಂದೆ ಬಿಚ್ಚುವುದಿಲ್ಲ ಎಂದು ಲಿಖಿತ ಉತ್ತರ ಬಂತು. ಅದನ್ನು ಪೂರ್ತಿ ನಂಬಲು ಅವರಿಗೆ ಇನ್ನೂ ಸಾಧ್ಯವಾಗಿಲ್ಲ, ನಂಬಲೇಬೇಕೆಂದು ನಾನೂ ಒತ್ತಾಯಿಸಿಲ್ಲ. ವೈದ್ಯರಿಗೆ ಬರೆಯುವುದನ್ನು ಸ್ವಂತ ಫೋನಿನಿಂದ ಮತ್ತೆ ಆರಂಭಿಸಿದ್ದಾರೆ. ಮೇಲಧಿಕಾರಿಯ ಕುರಿತ ಶಂಕೆಯ ಬಗ್ಗೆ ನಮ್ಮ ಭೇಟಿಗಳು ಮುಂದುವರಿದಿವೆ.