ಇನ್‌ಫ್ರಾರೆಡ್ ತಡೆಯಲು ಏರೋಜೆಲ್ಲೇ ಯಾಕೆ?

ಕಾಸರಗೋಡಿನ ಪ್ಲಸ್ ಟು ವಿದ್ಯಾರ್ಥಿಯೊಬ್ಬರ ಪ್ರಶ್ನೆ ಇದು: ಬಿಗ್ ಬ್ಯಾಂಗ್‌ನ ಉಳಿಕೆ ಬೆಳಕನ್ನು ನೋಡುವ ದೂರದರ್ಶಕಕ್ಕೆ ಏರೋಜೆಲ್ (ಒಳಗೆಲ್ಲ ಸೂಕ್ಷ್ಮ ರಂಧ್ರಗಳಿರುವ ತೀರಾ ಹಗುರ ಘನವಸ್ತು) ಯಾಕೆ, ಇನ್‌ಫ್ರಾರೆಡ್ ಹೀರುವ ಮಾಮೂಲಿ ಫಿಲ್ಟರ್ ಸಾಲದಾ?

ಕಷ್ಟ. ಆ ಉಳಿಕೆ ಬೆಳಕನ್ನು ಹಿಡಿಯುವ ಸೆನ್ಸರ್‌ಗಳನ್ನು ಸುಮಾರು 0.1 ಕೆಲ್ವಿನ್‌ವರೆಗೂ (ಹೆಚ್ಚುಕಮ್ಮಿ −273 ಡಿಗ್ರಿ ಸೆಲ್ಸಿಯಸ್) ತಣಿಸಿರುತ್ತಾರೆ. ಇನ್‌ಫ್ರಾರೆಡ್ ಎಂದರೆ ಅವಕ್ಕೆ ಬರೀ ಸೆಕೆ. ಅದನ್ನು ಹೀರುವ ಫಿಲ್ಟರ್ ತಾನೇ ಬಿಸಿಯಾಗಿ ಮತ್ತೆ ಶಾಖ ಸೂಸುತ್ತದೆ.

ಅದಕ್ಕೇ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್‌ನ ಏರೋಜೆಲ್‌ಗೆ ವಜ್ರದ ಸಣ್ಣ ಪುಡಿ ಬೆರೆಸುತ್ತಾರೆ. ಇನ್‌ಫ್ರಾರೆಡ್ ಅಲೆಯ ಉದ್ದ ಈ ಕಣಗಳ ಗಾತ್ರಕ್ಕೆ ಹತ್ತಿರ, ಹಾಗಾಗಿ ಅದು ಚದುರಿಹೋಗುತ್ತದೆ. ನಮಗೆ ಬೇಕಾದ ಉಳಿಕೆ ಬೆಳಕು ಮಿಲಿಮೀಟರ್ ಅಲೆ; ಅದು ಎಷ್ಟೋ ಉದ್ದ, ಸುಲಭವಾಗಿ ದಾಟುತ್ತದೆ. ನನಗೆ ಜಾಸ್ತಿ ಇಷ್ಟವಾದ ಗುಣ ಬೇರೆಯೇ. ಏರೋಜೆಲ್‌ನ ಬಹುಪಾಲು ಖಾಲಿ ಜಾಗ, ಅಲ್ವಾ? ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಗಾಳಿಯಂತೆ 1ರ ಹತ್ತಿರವೇ ಇರುತ್ತದೆ. ಪ್ರತಿಫಲನ ತೀರಾ ಕಮ್ಮಿ, ಅದನ್ನು ತಡೆಯುವ ಲೇಪನವೇ ಬೇಡ.

ಅಂದಹಾಗೆ, ಇಂಥ ದೂರದರ್ಶಕಕ್ಕೆ ನಮ್ಮ ಕಡಲತಡಿ ಆಗದು. ಗಾಳಿಯ ನೀರಾವಿ ಮಿಲಿಮೀಟರ್ ಅಲೆಗಳನ್ನು ಹೀರುತ್ತದೆ. ಒಣಗಾಳಿಗಾಗಿಯೇ ಚಿಲಿಯ ಅಟಕಾಮಾ ಮರುಭೂಮಿಗೆ ಹೋಗುತ್ತಾರೆ.