ಹೆದರಿಕೆ ಇಲ್ಲದಿದ್ರೆ ನೋಡ್ತಿದ್ರಾ?

ಹಾರರ್ ಸಿನಿಮಾ ನೋಡೋ ಧೈರ್ಯ ಬೇಕು ಅಂತ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬರುವವರು ಆಗಾಗ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ಧೈರ್ಯವಲ್ಲ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ವಿವರ ಬದಲಿಸಿ.

ಇಪ್ಪತ್ತು ದಾಟಿದ ಹುಡುಗ. ಚಿಕ್ಕವನಿದ್ದಾಗ ಒಂದು ದೆವ್ವದ ಸಿನಿಮಾ ನೋಡಿ ನಿದ್ದೆಗೆಟ್ಟಿದ್ದ. ಈಗ ಅದರ ರೀಮೇಕ್ ಬಂದಿದೆ. ಗೆಳೆಯರೆಲ್ಲ ಹೊರಟಿದ್ದಾರೆ. ಇವನು ರಾತ್ರಿ ಸೌಂಡ್ ಆಫ್ ಮಾಡಿ ಟ್ರೇಲರ್ ನೋಡಿ ನೋಡಿ ತಾಲೀಮು ನಡೆಸಿದ್ದ.

ನಾನು ಕೇಳಿದೆ: "ಒಂದು ವೇಳೆ ಹೆದರಿಕೇನೇ ಇರಲಿಲ್ಲ ಅಂದ್ಕೊಳ್ಳಿ. ಆಗ ಈ ಸಿನಿಮಾ ನೋಡ್ತಿದ್ರಾ?"

"ಅಯ್ಯೋ, ಇಲ್ಲ ಮೇಡಂ. ಅದೇ ಮನೆ, ಅದೇ ಕಥೆ, ಕೊನೆಗೆ ಏನಾಗುತ್ತೆ ಅಂತಾನೂ ಗೊತ್ತು. ಯಾಕಾದ್ರೂ ಮತ್ತೆ ತೆಗೆದ್ರೋ!"

ಅಲ್ಲಿಂದ ಹುಡುಗನ ಬಾಯಿ ಬಿಚ್ಚಿತು. 1960ರ 'ಸೈಕೋ'ವನ್ನು 1998ರಲ್ಲಿ ಹೆಚ್ಚುಕಡಿಮೆ ಒಂದೊಂದು ಶಾಟನ್ನೂ ಹಾಗೇ ಇಟ್ಟು ಬಣ್ಣದಲ್ಲಿ ತೆಗೆದರಲ್ಲ, ಅದರಿಂದ ಏನು ಬಂತು ಅಂತ ನನ್ನನ್ನೇ ಕೇಳಿದ. ಎಲ್ಲ ರೀಮೇಕೂ ದಂಡ ಅಲ್ಲ, 1982ರ 'ದಿ ಥಿಂಗ್' ನೋಡಿ, 1951ರಲ್ಲೇ ಸಿನಿಮಾ ಆಗಿದ್ದ ಕಥೆಗೆ ಬೇರೆ ಜೀವ ಬಂದಿತ್ತು ಅಂದ. ಭಯ ಅಂತ ಬಂದವನು ಇಷ್ಟೆಲ್ಲ ನೋಡಿದ್ದಾನೆ! ಇದನ್ನೇ ಗೆಳೆಯರಿಗೆ ಹೇಳಬಹುದಲ್ವಾ ಅಂದೆ.

"ಹೇಳಿದ್ರೆ ಭಯಕ್ಕೆ ನೆಪ ಹುಡುಕ್ತಾನೆ ಅಂತಾರೆ. ನಿಜ ಹೇಳ್ಬೇಕಂದ್ರೆ ನನಗೂ ಗೊತ್ತಾಗಲ್ಲ. ಇಷ್ಟ ಇಲ್ವಾ, ಭಯಾನಾ ಅಂತ."

ನನ್ನನ್ನು ಕಾಡಿದ್ದು ಈ ಮಾತು. ಒಮ್ಮೆ ಅಂಜುಬುರುಕ ಅನ್ನಿಸಿಕೊಂಡವನಿಗೆ ಆಮೇಲೆ ಸ್ವಂತ ಅಭಿರುಚಿಯೇ ಇರಬಾರದು ಅನ್ನೋ ಹಾಗೆ. ಎರಡೂ ಇರಲಿ ಬಿಡಿ, ಬೇರೆ ಮಾಡಲೇಬೇಕು ಅಂತೇನಿಲ್ಲ, ಹೋಗಬೇಡಿ ಅಂದೆ.

ಭಯವನ್ನು ತಪ್ಪಿಸಿಕೊಂಡಷ್ಟೂ ಅದು ಬೆಳೆಯುತ್ತೆ, ನೀವೇ ತಪ್ಪಿಸಿಕೊಳ್ಳೋಕೆ ಹೇಳಿಕೊಟ್ರಲ್ಲ ಅಂತ ಕೆಲವರು ಕೇಳಬಹುದು. ಆ ನಿಯಮ ನನಗೂ ಗೊತ್ತು, ದಿನಾ ಬಳಸುತ್ತೇನೆ. ಆದರೆ ಅದು ಬದುಕಿಗೆ ಅಡ್ಡ ಬರುವ ಭಯಕ್ಕೆ: ಲಿಫ್ಟ್ ಹತ್ತಲಾಗದವರಿಗೆ, ಕತ್ತಲಲ್ಲಿ ಒಬ್ಬರೇ ಮಲಗಲಾಗದವರಿಗೆ. ಅಲ್ಲೂ ಸ್ವಲ್ಪ ಸ್ವಲ್ಪವಾಗಿ, ಅವರ ಒಪ್ಪಿಗೆಯಿಂದ, ಅವರು ಸಾಕು ಅಂದಾಗ ನಿಲ್ಲಿಸಿ ಮಾಡುವ ಕೆಲಸ. ಕತ್ತಲ ಹಾಲ್‌ನಲ್ಲಿ ಗೆಳೆಯರ ಮಧ್ಯೆ ಸಿಕ್ಕಿಹಾಕಿಕೊಂಡು ಹಲ್ಲು ಕಚ್ಚಿ ಕೂರುವುದು ಚಿಕಿತ್ಸೆ ಆಗಲ್ಲ. ಈ ಹುಡುಗ ಈಗ ಚೆನ್ನಾಗಿ ನಿದ್ದೆ ಮಾಡುತ್ತಾನೆ, ಒಬ್ಬನೇ ಓಡಾಡುತ್ತಾನೆ. ನಿದ್ದೆಯೇ ಕೆಟ್ಟಿದ್ದರೆ ನನ್ನ ಸಲಹೆ ಬೇರೆ ಇರುತ್ತಿತ್ತು.

ಹೇಗೆ ಹೇಳಬೇಕು ಅನ್ನೋದಕ್ಕೇ ಜಾಸ್ತಿ ಹೊತ್ತು ಹೋಯ್ತು. ತಲೆನೋವು, ಕೆಲಸ ಅಂತ ಸುಳ್ಳು ಬೇಡ ಅಂದೆ. ಕೆಲಸ ಇದೆ ಅಂದ್ರೆ ನಾಳೆ ಹೋಗೋಣ ಅಂತಾರೆ. "ನನಗೆ ಆ ಸಿನಿಮಾ ಬೇಡ, ಮುಗಿದ ಮೇಲೆ ಬಂದು ಸಿಗ್ತೀನಿ." ಇಷ್ಟು ಸಾಕು. ಯಾಕೆ ಅಂದ್ರೆ ಇದನ್ನೇ ಮತ್ತೊಮ್ಮೆ ಹೇಳುವುದು. ಮುಂದೆಂದಾದರೂ ಹೋಗಿ ಕೂತು ತಡೆಯಲಾಗದಿದ್ದರೆ, ಸುಮ್ನೆ ಕಣ್ಣು ಮುಚ್ಚಿ ಪ್ರಯೋಜನವಿಲ್ಲ, ಇಂಥ ಸಿನಿಮಾಗಳು ಅರ್ಧ ಹೆದರಿಸುವುದೇ ಸದ್ದಿನಿಂದ. ಎದ್ದು ಹೊರಗೆ ಬನ್ನಿ ಅಂದೆ.

ಅವನು ಹೋಗಲಿಲ್ಲ. ಒಬ್ಬ ಗೆಳೆಯ "ಪುಕ್ಕಲ" ಅಂದನಂತೆ. "ಹೌದು, ಸಿನಿಮಾನೂ ದಂಡ" ಅಂದನಂತೆ ಇವನು.