ಎಲ್ಲರಿಗೂ ಒಂದೇ ಡೋಸ್ ಯಾಕೆ?

ಪ್ರಿಯ ಓದುಗರೇ,

ಸೋರಿಯಾಸಿಸ್‌ಗೆ ಎರಡು ವಾರಕ್ಕೊಮ್ಮೆ ಅಡಾಲಿಮುಮ್ಯಾಬ್ ಇಂಜೆಕ್ಷನ್ ತಗೊಳ್ಳುತ್ತಿದ್ದೀರಿ, ವರ್ಷದಿಂದ ಮೈ ಪೂರ್ತಿ ಸ್ವಚ್ಛವಾಗಿದೆ ಎಂದು ಬರೆದಿದ್ದೀರಿ. ಅದೇ ಔಷಧಿ, ಅದೇ ಡೋಸ್ ತಗೊಳ್ಳುವ ನಿಮ್ಮ ಅಣ್ಣನಿಗೆ ಮಾತ್ರ ಮುಂದಿನ ಇಂಜೆಕ್ಷನ್ ಬರುವಷ್ಟರಲ್ಲಿ ಮೊಣಕೈ ಮೇಲೆ ಮತ್ತೆ ಹೊಟ್ಟು ಏಳುತ್ತದೆ. ಹಾಗಾದರೆ ನೀವು ಇಂಜೆಕ್ಷನ್‌ಗಳ ನಡುವಿನ ಅಂತರ ಜಾಸ್ತಿ ಮಾಡಬಹುದೇ ಎಂಬುದು ನಿಮ್ಮ ಪ್ರಶ್ನೆ.

ಮಾಡಬಹುದೇನೋ. ಆದರೆ ಡಾಕ್ಟರಿಗೆ ಹೇಳದೆ ಬೇಡ.

50 ಕಿಲೋ ತೂಗುವವರಿಗೂ 110 ಕಿಲೋ ತೂಗುವವರಿಗೂ ಅಡಾಲಿಮುಮ್ಯಾಬ್ ಅದೇ 40 ಮಿಲಿಗ್ರಾಂ. ದಪ್ಪ ಮೈಯವರ ರಕ್ತದಲ್ಲಿ ಔಷಧಿಯ ಮಟ್ಟ ಕಡಿಮೆಯೇ ಇರುತ್ತದೆ. ಸೋರಿಯಾಸಿಸ್‌ಗೇ ಕೊಡುವ ಇನ್ನೊಂದು ಇಂಜೆಕ್ಷನ್ ಉಸ್ಟೆಕಿನುಮ್ಯಾಬ್‌ನಲ್ಲಿ ತೂಕದ ಲೆಕ್ಕ ಇದೆ: 100 ಕಿಲೋವರೆಗೆ 45 ಮಿಲಿಗ್ರಾಂ, ಅದಕ್ಕೂ ಮೇಲಿದ್ದರೆ 90. ಆದರೆ ತೂಕವೊಂದೇ ಕಾರಣವಲ್ಲ. ಕೆಲವರ ದೇಹ ಈ ಔಷಧಿಯನ್ನೇ ಹೊರಗಿನದು ಎಂದುಕೊಂಡು ಅದರ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ತಯಾರಿಸುತ್ತದೆ. ಆಗ ಚುಚ್ಚಿಸಿಕೊಂಡರೂ ಔಷಧಿ ಸರಿಯಾಗಿ ಕೆಲಸ ಮಾಡದೇ ಹೋಗಬಹುದು.

ರಕ್ತದಲ್ಲಿ ಔಷಧಿ ಎಷ್ಟಿದೆ, ಪ್ರತಿಕಾಯ ಇದೆಯೇ ಎಂದು ತಿಳಿಯಲು ರಕ್ತಪರೀಕ್ಷೆ ಇದೆ. ಅಡಾಲಿಮುಮ್ಯಾಬ್‌ಗೆ ಒಂದು ಮಿಲಿಲೀಟರ್‌ನಲ್ಲಿ ಸುಮಾರು 3ರಿಂದ 7 ಮೈಕ್ರೋಗ್ರಾಂ ಇದ್ದರೆ ಸಾಕು ಎಂದು ಅಧ್ಯಯನಗಳು ಹೇಳುತ್ತವೆ. ಅಣ್ಣನ ಮಟ್ಟ ತೀರಾ ಕೆಳಗಿದ್ದು ಪ್ರತಿಕಾಯ ಇಲ್ಲದಿದ್ದರೆ ಡೋಸ್ ಹೆಚ್ಚಿಸುವ ಯೋಚನೆ ಮಾಡಬಹುದು. ಪ್ರತಿಕಾಯ ಜಾಸ್ತಿ ಇದ್ದರೆ ಔಷಧಿ ಬದಲಿಸುವುದೇ ಮೇಲು. ನಿಮ್ಮ ಮಟ್ಟ 7ಕ್ಕಿಂತ ಸಾಕಷ್ಟು ಮೇಲಿದ್ದರೆ ನಿಮಗೆ ಬೇಕಾದದ್ದಕ್ಕಿಂತ ಜಾಸ್ತಿಯೇ ಸಿಗುತ್ತಿದೆ ಎಂದರ್ಥ.

ಅಂತರ ಹೆಚ್ಚಿಸುವುದು ಯಾರದೋ ಹುಚ್ಚು ಧೈರ್ಯವಲ್ಲ. 2020ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಕಾಂಡರ್ ಅಧ್ಯಯನದಲ್ಲಿ ಕಾಯಿಲೆ ಹತೋಟಿಯಲ್ಲಿದ್ದವರಿಗೆ ಹಂತಹಂತವಾಗಿ ಡೋಸ್ ಇಳಿಸಿದರು. ವರ್ಷದ ಕೊನೆಗೆ ಸುಮಾರು ಅರ್ಧದಷ್ಟು ಜನ ಕಡಿಮೆ ಡೋಸ್‌ನಲ್ಲೇ ಉಳಿದಿದ್ದರು. ಉಳಿದರ್ಧ ಜನಕ್ಕೆ ಅದು ಒಗ್ಗಲಿಲ್ಲ, ಇದನ್ನೂ ಮರೆಯಬಾರದು ಅಲ್ವಾ? ಸೋರಿಯಾಸಿಸ್‌ನ ಮತ್ತೊಂದು ಇಂಜೆಕ್ಷನ್ ಗುಸೆಲ್ಕುಮ್ಯಾಬ್‌ನ ಬೇರೊಂದು ಅಧ್ಯಯನದಲ್ಲಿ ಫಲಿತಾಂಶ ಇನ್ನೂ ಚೆನ್ನಾಗಿ ಬಂತು. ಬೇಗನೆ ಪೂರ್ತಿ ಗುಣ ಕಂಡವರಿಗೆ 8 ವಾರದ ಬದಲು 16 ವಾರಕ್ಕೊಮ್ಮೆ ಕೊಟ್ಟರೂ ಹೆಚ್ಚಿನವರ ಚರ್ಮ ಹಾಗೇ ಉಳಿಯಿತು.

ನನಗೆ ಆತಂಕವಾಗುವುದು ಸುಮ್ನೆ ಒಂದೆರಡು ಇಂಜೆಕ್ಷನ್ ಬಿಟ್ಟು ನೋಡುವವರ ಬಗ್ಗೆ. ರಕ್ತದಲ್ಲಿ ಔಷಧಿ ಇಳಿದು ಏರಿ ಮಾಡಿದರೆ ಪ್ರತಿಕಾಯ ಹುಟ್ಟುವ ಅಪಾಯ ಹೆಚ್ಚು. ಆಮೇಲೆ ಹಳೆಯ ಡೋಸ್‌ಗೆ ಮರಳಿದರೂ ಮೊದಲಿನ ಗುಣ ಸಿಗದೇ ಹೋಗಬಹುದು. ಬೆಳಿಗ್ಗೆ ಎದ್ದಾಗ ಬೆರಳು, ಮಂಡಿ ಬಿಗಿದುಕೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಚರ್ಮ ಸ್ವಚ್ಛವಿದ್ದರೂ ಕೀಲುಗಳಲ್ಲಿ ಕಾಯಿಲೆ ಇರಬಹುದು. ಅಂಥವರು ಅಂತರ ಹೆಚ್ಚಿಸುವ ಮೊದಲು ಎರಡು ಸಲ ಯೋಚಿಸಬೇಕು.

ಡಾಕ್ಟರು ಒಪ್ಪಿದರೆ 14 ದಿನವನ್ನು ಮೊದಲು 21ಕ್ಕೆ ಒಯ್ಯುವುದು ವಾಡಿಕೆ, ನೇರ 28ಕ್ಕಲ್ಲ. ರಕ್ತಪರೀಕ್ಷೆಗೆ ಇಂಜೆಕ್ಷನ್ ದಿನವೇ, ಚುಚ್ಚಿಸಿಕೊಳ್ಳುವ ಮೊದಲು ರಕ್ತ ಕೊಡಿ. ಅಣ್ಣನಿಗೂ ಹೇಳಿ: ಹೊಟ್ಟು ಏಳುವ ದಿನ ಮೊಣಕೈಯ ಫೋಟೋ ತೆಗೆದು, ತಾರೀಖು ಬರೆದಿಟ್ಟು, ಡಾಕ್ಟರಿಗೆ ತೋರಿಸಲಿ.

– ಸಂಪಾದಕ